ಹಲಸಿನ ಮರಕ್ಕೊಂದು ಜಾಮೀನು

ನಾಗಸಂದ್ರದಲ್ಲಿ ಬಾಡಿಗೆ ಮನೆಗಾಗಿ ಅಲೆಯುತ್ತಿದ್ದ ದಿನಗಳಲ್ಲಿ ಮನೆ ಮಾಲೀಕರು ಕೇಳುವ ಪ್ರಶ್ನೆಗಳೆಲ್ಲ ನಮಗೆ ಬಾಯಿಪಾಠವಾಗಿದ್ದವು. ಎಷ್ಟು ಜನ ಇರ್ತೀರಾ, ಯಾವ ಊರು, ಯಾವ ಜನ, ಮೊಟ್ಟೆ ತಿಂತೀರಾ, ನೆಂಟರು ಜಾಸ್ತಿ ಬರ್ತಾರಾ. ಈ ಮನೆಯೊಡತಿ ಮಾತ್ರ ಅದರಲ್ಲಿ ಒಂದನ್ನೂ ಕೇಳಲಿಲ್ಲ. ಗೇಟಿನ ಹತ್ತಿರವೇ ನಿಲ್ಲಿಸಿಕೊಂಡು, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ದಿನಾ ಎಷ್ಟು ತರಕಾರಿ ಎಚ್ತೀಯವ್ವಾ?" ಎಂದರು.

ನಾನು ತಬ್ಬಿಬ್ಬಾದೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ನನ್ನ ಗಂಡ, ಅದೇನೋ ಇಂಟರ್‌ವ್ಯೂ ಎಂಬಂತೆ ನೆಟ್ಟಗೆ ನಿಂತು, "ಅರ್ಧ ಕೆಜಿ ಆಗುತ್ತೇನೋ ಮೇಡಂ" ಎಂದ.

"ಸಿಪ್ಪೆ, ನಾರು, ಕಾಫಿ ಚರಟ, ಎಲ್ಲ ನಂಗೆ ಕೊಡ್ಬೇಕು. ಒಂದ್ ಎಳೆ ಸೊಪ್ಪೂ ಬೀದಿಗೆ ಬಿಸಾಕಂಗಿಲ್ಲ. ಒಪ್ಗೆ ಇದ್ರೆ ಒಳಕ್ಕೆ ಬನ್ನಿ."

ಒಪ್ಪಿ ಒಳಗೆ ಹೋದೆವು. ಕೆಳಗಿನ ಮನೆ ನಮಗೆ, ಮೇಲಿನದು ಅವರಿಗೆ. ಮಗಳು ಹುಟ್ಟಿ, ನಡೆದು, ಸ್ಕೂಲಿಗೆ ಹೋಗುವಷ್ಟು ಕಾಲ ಅಲ್ಲೇ ಇದ್ದೆವು. ಬೆಂಗಳೂರಿನ ಬಾಡಿಗೆದಾರರೆಲ್ಲ ಕರೆಯುವಂತೆ ನಾನೂ ಅವರನ್ನು ಓನರ್ ಆಂಟಿ ಎಂದೇ ಕರೆದೆ. ಹೆಸರು ಗೊತ್ತಿಲ್ಲವೆಂದಲ್ಲ. ಬಾಯಿಗೆ ಬರುವುದೇ ಅದು, ಹಾಗಾಗಿ ಇಲ್ಲೂ ಅದೇ ಇರಲಿ.

ಆಂಟಿ ಅದೇ ಸೀಮೆಯ ಹಳೆಯ ಮನೆತನದವರು. ಕಾರ್ಖಾನೆಗಳು ಬರುವ ಮುಂಚೆ ಅಲ್ಲಿ ರಾಗಿ ಹೊಲ ಇದ್ದದ್ದನ್ನು, ಕೆರೆ ಏರಿಯ ಮೇಲೆ ನಡೆದು ಸ್ಕೂಲಿಗೆ ಹೋದದ್ದನ್ನು ಹೇಳುವರು. ಹೇಳುವಾಗ ಕಣ್ಣೀರು ಗಿಣ್ಣೀರು ಏನೂ ಇಲ್ಲ. ಲೇತ್ ಮೆಷಿನ್ನಿನ ಸದ್ದು ಬರುವ ಕಡೆಗೆ ಬೆರಳು ತೋರಿಸಿ, "ಅಗೋ, ಅಲ್ಲೇ ನಮ್ಮಪ್ಪ ಅವರೆ ಆಕ್ತಿದ್ದಿದ್ದು" ಎಂದು ಪಕ್ಕದ ಬೀದಿಯ ಅಂಗಡಿ ತೋರಿಸಿದಷ್ಟು ಸಲೀಸಾಗಿ ಹೇಳಿ ಮುಗಿಸುತ್ತಿದ್ದರು.

ಮನೆಯ ಪಕ್ಕದಲ್ಲಿ ಅರ್ಧ ಸೈಟಿನಷ್ಟು ಖಾಲಿ ಜಾಗವಿತ್ತು. ಖಾಲಿ ಎಂದು ನಾನು ಬರೆದದ್ದು ಆಂಟಿಗೆ ಗೊತ್ತಾಗಿದ್ದರೆ ಬಯ್ಯುತ್ತಿದ್ದರು. ಕರಿಬೇವು, ನುಗ್ಗೆ, ಪಪ್ಪಾಯಿ, ಎರಡು ಬಾಳೆ, ಕಾಂಪೌಂಡಿಗೆ ಹಬ್ಬಿದ ಬಸಳೆ, ಸಂದುಗೊಂದಿಯಲ್ಲೆಲ್ಲ ದೊಡ್ಡಪತ್ರೆ, ಇವೆಲ್ಲದರ ನಡುವೆ ಮನೆಗಿಂತ ಎತ್ತರಕ್ಕೆ ಬೆಳೆದ ಒಂದು ಹಲಸಿನ ಮರ. ಬೀದಿಯಲ್ಲಿ ಉಳಿದ ಮನೆಗಳೆಲ್ಲ ಒಂದರ ಬೆನ್ನಿಗೊಂದು ಅಂಟಿಕೊಂಡು ಮೂರು ಮಹಡಿ ನಾಲ್ಕು ಮಹಡಿ ಏರಿದ್ದರಿಂದ ಆಟೋದವರಿಗೆ ವಿಳಾಸ ಹೇಳುವುದು ನಮಗೆ ಸುಲಭವಾಗಿತ್ತು. "ಮರ ಇರೋ ಮನೆ" ಎಂದರೆ ಸಾಕಿತ್ತು.

ಆ ಮನೆಯಲ್ಲಿ ನೀರಿಗೂ ಒಂದು ದಾರಿ ಗೊತ್ತಾಗಿತ್ತು. ಅಕ್ಕಿ ತೊಳೆದ ನೀರು ಕರಿಬೇವಿಗೆ, ಬಟ್ಟೆ ಜಾಲಾಡಿದ ನೀರು ಬಾಳೆಗೆ, ಸೊಪ್ಪು ತೊಳೆದದ್ದು ಬಸಳೆಗೆ. ನಾನು ಒಮ್ಮೆ ಮರೆತು ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲಿದ್ದೆ. ಅದು ಮೇಲಿದ್ದವರಿಗೆ ಹೇಗೆ ಗೊತ್ತಾಯಿತೋ, ಆ ಕರಿಬೇವಿನ ಗಿಡವೇ ಚಾಡಿ ಹೇಳಿತೋ! ಸಂಜೆ ಮೆಟ್ಟಿಲ ಮೇಲಿಂದಲೇ, "ಇವತ್ ಅನ್ನ ಮಾಡ್ಲಿಲ್ವೇನಮ್ಮಿ?" ಎಂದು ಕೇಳಿದರು. ನೋಡಲು ಬಂದಿದ್ದ ನನ್ನ ತಾಯಿ ನಾನು ಬಕೆಟ್ ಹಿಡಿದು ಗಿಡದಿಂದ ಗಿಡಕ್ಕೆ ಓಡಾಡುವುದನ್ನು ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ "ಬಾಡಿಗೆಯನ್ನೂ ಕೊಟ್ಟು ಚಾಕರಿಯನ್ನೂ ಮಾಡ್ತೀಯಲ್ಲೇ" ಎಂದರು.

ಚಾಕರಿ ಮಾಡುತ್ತಿದ್ದವಳು ನಾನೊಬ್ಬಳೇ ಅಲ್ಲ. ನನಗಿಂತ ದೊಡ್ಡ ಚಾಕರ ಅಂಕಲ್, ಅಂದರೆ ಆಂಟಿಯ ಯಜಮಾನರು. ಒಂದು ಕಾರ್ಖಾನೆಯಲ್ಲಿ ಅಚ್ಚು, ಉಪಕರಣ ತಯಾರಿಸುವ ಟೂಲ್ ರೂಮಿನಲ್ಲಿ ಫೋರ್‌ಮನ್ ಆಗಿದ್ದವರು. ಮಾತು ಕಮ್ಮಿ. ಆಂಟಿಯ ಗಿಡಮರಗಳ ಹುಚ್ಚನ್ನು ಕಂಡರೆ ಗೊಣಗುವರು, ಗೊಣಗುತ್ತಲೇ ಬೇಕಾದ್ದನ್ನೆಲ್ಲ ಮಾಡಿಕೊಡುವರು. ಕಸ ಗೊಬ್ಬರ ಮಾಡುವ ನೀಲಿ ಡ್ರಮ್ಮುಗಳಿಗೆ ಅವರು ಕೊರೆದ ತೂತುಗಳನ್ನು ನೀವು ನೋಡಬೇಕಿತ್ತು. ಸಾಲಿನಲ್ಲಿ ಒಂದೂ ಕೂದಲೆಳೆಯಷ್ಟು ಆಚೀಚೆ ಇಲ್ಲ. ಒಳಗೆ ಕೊಳೆಯುವುದು ಬದನೆಕಾಯಿ ತೊಟ್ಟು, ಅದಕ್ಕೆ ಈ ಪಾಟಿ ಶಿಸ್ತು ಯಾಕೆ ಎಂದು ನನ್ನ ಗಂಡ ನಗುತ್ತಿದ್ದ.

ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತೆಂದು ತಿಳಿಯಬೇಡಿ. ಒಂದು ಮಳೆಗಾಲದಲ್ಲಿ ಡ್ರಮ್ಮಿನಲ್ಲಿ ಹುಳು ಬಿದ್ದು, ಅವು ಮೆರವಣಿಗೆ ಹೊರಟಂತೆ ನಮ್ಮ ಹೊಸ್ತಿಲವರೆಗೂ ಬಂದಿದ್ದವು. ಇನ್ನೊಂದು ವರ್ಷ ತಾರಸಿಯ ಮಳೆನೀರು ನೆಲದಡಿಯ ಸಂಪಿನ ತೊಟ್ಟಿಗೆ ಬರಲೆಂದು ಅಂಕಲ್ ಪೈಪು ಜೋಡಿಸಿದರು. ಜಾಲರಿ, ಜಲ್ಲಿ, ಇದ್ದಿಲು, ಎಲ್ಲ ಲೆಕ್ಕಾಚಾರದ ಪ್ರಕಾರ. ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕೆಂಬುದೊಂದು ಮಾತ್ರ ಗಂಡ ಹೆಂಡತಿ ಇಬ್ಬರಿಗೂ ಹೊಳೆದಿರಲಿಲ್ಲ. ತಾರಸಿಯ ಮೇಲೆ ಪಾರಿವಾಳಗಳು ವರ್ಷವಿಡೀ ಸೇರಿಸಿಟ್ಟಿದ್ದೆಲ್ಲ ಒಂದೇ ಸಂಜೆಗೆ ಸಂಪಿನಲ್ಲಿ ಬಂದು ಬಿತ್ತು. ಸಂಪು ಖಾಲಿ ಮಾಡಿಸಿ, ಉಜ್ಜಿಸಿ, ವಾರಗಟ್ಟಲೆ ಟ್ಯಾಂಕರ್ ನೀರು ತರಿಸಿದೆವು. ಇಡೀ ಬೀದಿಗೆ ಮಳೆನೀರಿನ ಪಾಠ ಹೇಳುತ್ತಿದ್ದ ಮನೆಯ ಮುಂದೆಯೇ ಟ್ಯಾಂಕರ್ ಬಂದು ನಿಂತರೆ ಜನ ಬಿಡುತ್ತಾರೆಯೇ? ಆಂಟಿ ಜಗ್ಗಲಿಲ್ಲ. "ಬಿದ್ದೋನೇ ಕಣಮ್ಮಿ ಈಜು ಕಲಿಯಾದು" ಎಂದು ಟ್ಯಾಂಕರಿನವನಿಗೂ ಒಂದು ಕಟ್ಟು ನುಗ್ಗೆಸೊಪ್ಪು ಕೊಟ್ಟು ಕಳಿಸಿದರು.

ಇಷ್ಟೆಲ್ಲ ಗಿಡಗಳ ನಡುವೆ ಅವರ ಜೀವವಿದ್ದದ್ದು ಆ ಹಲಸಿನ ಮೇಲೆ. ಅವರ ತವರಿನ ಹೊಲದ ಬದುವಿನಲ್ಲಿ ಒಂದು ಹಲಸಿನ ಮರವಿತ್ತಂತೆ. ಒಳಗೆ ಕೆಂಪು ತೊಳೆ, ಕಚ್ಚಿದರೆ ಗಟ್ಟಿ, ಜೇನಿನಂಥ ರುಚಿ. ಹೊಲ ಹೋಗಿ ಶೆಡ್ಡು ಎದ್ದಾಗ ಮರವೂ ಹೋಯಿತು. ಕಡಿಯುವ ಮುಂಚಿನ ಬೇಸಿಗೆಯಲ್ಲಿ ಅವರ ತಾಯಿ ಕೊನೆಯ ಹಣ್ಣನ್ನು ಕೊಯ್ದು ತಂದುಕೊಟ್ಟಿದ್ದರು. ಅದರ ಬೀಜವನ್ನೇ ಆಂಟಿ ಇಲ್ಲಿ ಹಾಕಿದ್ದು. ಮರ ಹೋದ ಹಿಂದೆಯೇ ತಾಯಿಯೂ ಹೋದರು.

"ಒಂದೇ ಒಂದ್ ಕಿತ ಆ ಅಣ್ಣು ಬಾಯಿಗೆ ಬಿದ್ಬುಟ್ರೆ ಸಾಕು ಕಣಮ್ಮಿ. ಆಮ್ಯಾಕೆ ಈ ಮರ ಏನಾರ ಆಗ್ಲಿ" ಎನ್ನುತ್ತಿದ್ದರು. ಬೇರೆ ಯಾವ ಆಸೆಯನ್ನೂ ಅವರ ಬಾಯಲ್ಲಿ ನಾನು ಕೇಳಿದ್ದಿಲ್ಲ. ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ಸುಖವಾಗಿದ್ದರು. ಸೀರೆ ಒಡವೆ ಯಾತ್ರೆ ಯಾವುದರ ಮಾತೂ ಅವರಿಗೆ ರುಚಿಸುತ್ತಿರಲಿಲ್ಲ. ಸಂಜೆ ಮರದ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾಂಡವನ್ನು ಸವರುತ್ತಾ ಕೂರುವರು. ಮರವೋ, ಸೊಂಪಾಗಿ ಬೆಳೆಯಿತೇ ಹೊರತು ಒಂದು ವರ್ಷವೂ ಒಂದು ಮಿಡಿ ಬಿಡಲಿಲ್ಲ.

ಅಂಕಲ್ ನಿವೃತ್ತರಾದ ವರ್ಷ ತೊಂದರೆ ಶುರುವಾಯಿತು. ಪೀಣ್ಯದ ಕಡೆ ಕೆಲಸಕ್ಕೆಂದು ರಾಯಚೂರು, ಗುಲ್ಬರ್ಗ, ವಿಜಾಪುರದ ಹುಡುಗರು ದಂಡುದಂಡಾಗಿ ಬರುತ್ತಿದ್ದ ಕಾಲ ಅದು. ಒಂದು ಕೋಣೆ ಕಟ್ಟಿ ಸುಣ್ಣ ಒಣಗುವ ಮುಂಚೆಯೇ ಬಾಡಿಗೆಗೆ ಹೋಗುತ್ತಿತ್ತು. ಬೀದಿಯಲ್ಲಿ ಎಲ್ಲರೂ ಕಟ್ಟಿದರು. ಪಿಂಚಣಿಯೆಂಬುದು ಹೆಸರಿಗಷ್ಟೇ ಇದ್ದ ಅಂಕಲ್ ಕೂಡ ಪಕ್ಕದ ಜಾಗದಲ್ಲಿ ಎರಡು ಕೋಣೆ ಕಟ್ಟಬೇಕೆಂದು ತೀರ್ಮಾನಿಸಿದರು. ಅವರ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಒಂದು ಬೆಳಿಗ್ಗೆ ದಾರ ಹಿಡಿದು, ಮಟ್ಟ ನೋಡಿ, ಸುಣ್ಣದ ಪುಡಿಯಲ್ಲಿ ಪಾಯದ ಗೆರೆ ಎಳೆದರು. ಗೆರೆ ಹಲಸಿನ ಬುಡದ ಮೇಲೇ ಹಾದುಹೋಗಿತ್ತು.

"ಇಷ್ಟು ವರ್ಷ ಕಾದಿದ್ದಾಯ್ತಲ್ಲೇ. ಅದು ಬಿಡೋ ಮರ ಅಲ್ಲ. ಗೊಡ್ಡು" ಎಂದರು ಅಂಕಲ್.

ಆಂಟಿ ಜಗಳವಾಡುತ್ತಾರೆಂದು ನಾನು ಕೆಳಗೆ ಕಿವಿ ನಿಮಿರಿಸಿ ಕೂತಿದ್ದೆ. ಜಗಳ ಇಲ್ಲ, ಅಳು ಇಲ್ಲ. ಎರಡು ದಿನ ಬಿಟ್ಟು ನಮ್ಮ ಬಾಗಿಲಿಗೆ ಬಂದು, "ನಾಳೀಕೆ ಅಮಾಸೆ. ಎಳೆ ಬಿಸ್ಲಿಗೇ ಮರಾನ ಎದರಿಸ್ತೀವಿ, ಬಾ" ಎಂದು ಕರೆದರು. ಬೀದಿಯ ನಾಲ್ಕು ಹೆಂಗಸರಿಗೂ ಹೇಳಿ ಬಂದಿದ್ದರು.

ಕಾಯಿ ಬಿಡದ ಮರವನ್ನು ಹೆದರಿಸುವುದು ಆ ಕಡೆಯ ಹಳೆಯ ಪದ್ಧತಿ. ಒಬ್ಬರು ಮಚ್ಚು ಹಿಡಿದು, "ಕಾಯಿ ಬಿಡ್ತೀಯೋ, ಕಡಿದು ಒಲೆಗೆ ಹಾಕಲೋ" ಎಂದು ಮರದ ಬುಡಕ್ಕೆ ಮಚ್ಚಿನ ಹಿಂಬದಿಯಿಂದ ಬಡಿಯಬೇಕು. ಇನ್ನೊಬ್ಬರು ಅಡ್ಡ ಬಂದು, "ಬೇಡ, ಕಡೀಬೇಡ, ಬರುವ ವರ್ಷ ಬಿಡುತ್ತದೆ, ಅದಕ್ಕೆ ನಾನು ಜಾಮೀನು" ಎಂದು ಬೇಡಿಕೊಳ್ಳಬೇಕು. ಹೀಗೆ ಮೂರು ಸಲ ನಡೆದರೆ ಮರ ಅಂಜಿ ಕಾಯಿ ಬಿಡುತ್ತದಂತೆ. ಅಂಕಲ್ ಮಚ್ಚು ಹಿಡಿಯುತ್ತಾರೆ, ಆಂಟಿ ಬೇಡಿಕೊಳ್ಳುತ್ತಾರೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಕಡಿಯಬೇಕೆಂದಿದ್ದವರು ಅವರೇ ತಾನೆ?

ಬೆಳಿಗ್ಗೆ ನೋಡಿದರೆ ಆಂಟಿ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಮಚ್ಚು ಹಿಡಿದು ನಿಂತಿದ್ದರು. "ನೀವು ಬುಡುಸ್ಕೊಳ್ರೀ" ಎಂದು ಗಂಡನಿಗೆ ಅಪ್ಪಣೆ ಮಾಡಿದರು. ಅಂಕಲ್ ಕಾಫಿ ಲೋಟ ಹಿಡಿದು ಬಂದವರು, ಹೆಂಗಸರ ಮಕ್ಕಳಾಟ ಬೇಗ ಮುಗಿಯಲೆಂದು ಒಪ್ಪಿಕೊಂಡರು.

"ಬುಡ್ತೀಯೋ, ಕಡೀಲೋ?" ಆಂಟಿಯ ದನಿ ಇಡೀ ಬೀದಿಗೆ ಕೇಳಿಸಿತು. ಮಚ್ಚಿನ ಪೆಟ್ಟಿಗೆ ಕಾಗೆಗಳು ಹಾರಿದವು.

"ಬೇಡ ಬಿಡೇ, ಬರೋ ವರ್ಷ ಬಿಡುತ್ತೆ" ಎಂದರು ಅಂಕಲ್, ಅತ್ತಿತ್ತ ನೋಡಿ ನಾಚಿಕೊಂಡು.

"ಅಂಗೆಲ್ಲ ಆಗಾಕಿಲ್ಲ. ಯಾರು ಜಾಮೀನು?"

"ನಾನೇ."

"ಸರ್ಯಾಗೇಳಿ. ಎಲ್ರಿಗೂ ಕೇಳ್ಬೇಕು."

"ಬರೋ ವರ್ಷ ಬಿಡುತ್ತೆ, ಅಲ್ಲೀವರೆಗೆ ಕಡೀಬೇಡ. ನಾನು ಜಾಮೀನು!"

ಮೂರು ಸಲವೂ ಹೇಳಿಸಿದರು. ಮೂರನೆಯದು ಬಾಯಿಂದ ಹೊರಬೀಳುವ ಹೊತ್ತಿಗೆ ಅಂಕಲ್ ಮುಖ ಬದಲಾಯಿತು. ಡ್ರಾಯಿಂಗಿನಲ್ಲಿ ತಪ್ಪು ಈಗ ಕಣ್ಣಿಗೆ ಬಿದ್ದ ಮನುಷ್ಯನ ಹಾಗೆ ಲೋಟ ಹಿಡಿದು ನಿಂತುಬಿಟ್ಟರು. ಅವರು ಟೂಲ್ ರೂಮಿನಲ್ಲಿ ಒಂದು ದಿನಾಂಕ ಹೇಳಿದರೆ ಮುಗಿಯಿತು, ಆ ದಿನ ಮಾಲು ಕೈಗೆ ಬರುತ್ತಿತ್ತೆಂದು ಪೀಣ್ಯದಲ್ಲೆಲ್ಲ ಹೆಸರು. ಅಂಥವರು ಬೀದಿಯ ಹೆಂಗಸರೆದುರು ಒಂದು ವರ್ಷಕ್ಕೆ ಮಾತು ಕೊಟ್ಟಿದ್ದರು. ಆಂಟಿ ಮಚ್ಚನ್ನು ಗೋಡೆಗೆ ಒರಗಿಸಿ, ಏನೂ ಆಗದವರಂತೆ ನಮ್ಮ ಕಡೆ ತಿರುಗಿ, "ಬನ್ರವ್ವಾ, ಕಾಫಿ ಕುಡಿಯವ" ಎಂದರು. ಮೇಸ್ತ್ರಿಗೆ ಅಂಕಲ್ ಅವತ್ತೇ ಫೋನು ಮಾಡಿ ಈ ವರ್ಷ ಆಗುವುದಿಲ್ಲವೆಂದರು. ಸುಣ್ಣದ ಗೆರೆ ಮುಂದಿನ ಮಳೆಗೆ ಅಳಿಸಿಹೋಯಿತು.

ಹೆದರಿಕೆಗೋ, ಅದಕ್ಕೆ ಆ ವಯಸ್ಸಾಗಿತ್ತೋ, ಸಂಕ್ರಾಂತಿ ಕಳೆಯುತ್ತಲೇ ಮರದಲ್ಲಿ ಮಿಡಿಗಳು ಕಾಣಿಸಿಕೊಂಡವು. ಹತ್ತು ದಿನಕ್ಕೆಲ್ಲ ಕಪ್ಪಾಗಿ ಒಂದೊಂದೇ ಉದುರತೊಡಗಿದಾಗ ನಾನು ಅಯ್ಯೋ ಎಂದು ಓಡಿದೆ. ಆಂಟಿ ಬಿದ್ದುಬಿದ್ದು ನಕ್ಕರು. "ಅವು ಗಂಡು ಮಿಡಿ ಕಣಮ್ಮಿ. ಕೆಲ್ಸ ಮುಗೀತು, ರಿಟೈರ್ ಆದೋ" ಎಂದು ಮೇಲೆ ಪೇಪರ್ ಓದುತ್ತಿದ್ದ ಅಂಕಲ್‌ಗೆ ಕೇಳಿಸುವಂತೆ ಹೇಳಿದರು. ಕೊನೆಗೆ ಬುಡದ ಹತ್ತಿರ ಒಂದೇ ಒಂದು ಕಾಯಿ ನಿಂತಿತು. ಜಾಮೀನುದಾರರ ಸಂಭ್ರಮ ನೋಡಬೇಕಿತ್ತು! ಅಳಿಲು ಕಚ್ಚದಂತೆ ಗೋಣಿ ಸುತ್ತಿದ್ದು ಅವರೇ, ದಿನಾ ಸಂಜೆ ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದವರೂ ಅವರೇ.

ಹಣ್ಣು ಕೊಯ್ದ ಭಾನುವಾರ ಬೀದಿಯ ಅರ್ಧ ಜನ ಅಂಗಳದಲ್ಲಿದ್ದರು. ಅಂಕಲ್ ಕೈಗೆ, ಚಾಕುವಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹೆಚ್ಚಿದರು. ಹಣ್ಣು ಎರಡು ಹೋಳಾಯಿತು. ಒಳಗೆ ಕೆಂಪಿರಲಿಲ್ಲ. ಮಾಸಲು ಹಳದಿ ತೊಳೆ, ಮುಟ್ಟಿದರೆ ಮೆತ್ತಗೆ, ನಾರು ನಾರು. ಆಂಟಿ ಮೊದಲ ತೊಳೆ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು.

"ಏನೇ, ಅದೇನಾ?" ಎಂದರು ಅಂಕಲ್.

"ಬೀಜದ ಗಿಡ ಅಲ್ವಾ, ಬಣ್ಣ ತಿರುಗೈತೆ. ರುಚಿ ಅದೇ ಕಣ್ರೀ." ಇನ್ನೊಂದು ತೊಳೆ ಬಿಡಿಸಿಕೊಂಡರು. "ಅದೇ. ನಮ್ಮವ್ವನ್ ಮರದ್ದೇ."

ಅಂಕಲ್ ಹ್ಞೂಂ ಎಂದು ತಲೆ ತಗ್ಗಿಸಿ ಉಳಿದದ್ದನ್ನು ಎಲ್ಲರಿಗೂ ಹಂಚತೊಡಗಿದರು.

ಸಂಜೆ ಆಂಟಿ ಕೈಯ ಮೇಣ ತೊಳೆಯಲು ನಮ್ಮ ಹಿತ್ತಲಿನ ನಲ್ಲಿಗೆ ಬಂದರು. ನಾನು ಸೀಮೆಎಣ್ಣೆ ತಂದುಕೊಟ್ಟೆ. ಉಜ್ಜುತ್ತಾ ಉಜ್ಜುತ್ತಾ ತಲೆ ಎತ್ತದೆಯೇ, "ಅದಲ್ಲ ಕಣಮ್ಮಿ" ಎಂದರು. "ಬಣ್ಣಾನೂ ಅಲ್ಲ, ರುಚೀನೂ ಅಲ್ಲ. ಯಾವ್ದೂ ಅಲ್ಲ."

"ಮತ್ತೆ ಅದೇ ಅಂದ್ರಲ್ಲ ಆಂಟಿ?"

"ಇನ್ನೇನನ್ಲಿ? ವರ್ಸೆಲ್ಲ ಕೂಸು ಕಾದಂಗೆ ಕಾದವ್ರೆ. ನನ್ ಮೊಕಾನೇ ನೋಡ್ತಾ ನಿಂತವ್ರೆ. ಅಲ್ಲ ಅನ್ನಾಕೆ ಬಾಯಿ ಎಂಗ್ ಬಂದಾತು?" ಆಮೇಲೆ ಸ್ವಲ್ಪ ನಕ್ಕರು. "ನಿಮ್ಮಂಕಲ್‌ಗೆ ಗೊತ್ತಾಗಲ್ಲ ಬುಡು. ಸಾರಿಗೆ ಉಪ್ಪು ಆಕಿದ್ರೂ ಒಂದೇ, ಬುಟ್ರೂ ಒಂದೇ. ನೀನು ಯಾರ ತಾವೂ ಏಳ್ಬ್ಯಾಡ." ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಮೆಟ್ಟಿಲು ಹತ್ತಿ ಹೋದರು. ಅರ್ಧ ಮೆಟ್ಟಿಲಿನಲ್ಲಿ ನಿಂತು ಒಂದು ಗಳಿಗೆ ಲೇತ್ ಸದ್ದಿನ ಕಡೆಗೆ ನೋಡಿದ್ದು ನನಗೆ ಕಾಣಿಸಿತು. ಅವತ್ತು ನನಗೆ ಅವರನ್ನು ಹೋಗಿ ತಬ್ಬಿಕೊಳ್ಳಬೇಕೆನಿಸಿತು. ಬಾಡಿಗೆಯವಳಾಗಿ ಹಾಗೆಲ್ಲ ಮಾಡುವುದು ಹೇಗೆಂದು ತಿಳಿಯದೆ ನಿಂತೆ.

ಅವತ್ತಿನಿಂದ ಮರಕ್ಕೆ ಅಂಕಲ್ ಕಾವಲಾದರು. ಕೋಣೆಯ ಮಾತನ್ನೇ ಎತ್ತಲಿಲ್ಲ. ತಾರಸಿಯ ಮೇಲೆ ಶೀಟು ಹಾಕಿಸಿ ಒಂದು ರೂಮು ಮಾಡಿಸಿ ಅಷ್ಟಕ್ಕೇ ಕೈತೊಳೆದುಕೊಂಡರು. ಎಲೆ ಬೀಳುತ್ತದೆಂದು ಪಕ್ಕದ ಮನೆಯವರು ತಕರಾರು ತೆಗೆದರೆ ಪೊರಕೆ ಹಿಡಿದು ತಾವೇ ಅವರಂಗಳ ಗುಡಿಸಿ ಬರುತ್ತಿದ್ದರು. ವರ್ಷವರ್ಷವೂ ಹಣ್ಣು ಬಂತು, ಹೆಚ್ಚು ಹೆಚ್ಚು ಬಂತು. ಪ್ರತಿವರ್ಷವೂ ಆಂಟಿ ಮೊದಲ ತೊಳೆ ತಿಂದು, ಅದೇ ಎಂದರು.

ಮುಂದೆ ನಾವು ಎಲೆಕ್ಟ್ರಾನಿಕ್ ಸಿಟಿಯ ಹತ್ತಿರ ಫ್ಲ್ಯಾಟ್ ಕೊಂಡು ಊರಿನ ಈ ತುದಿಗೆ ಬಂದೆವು. ಇಲ್ಲಿ ಹಸಿ ಕಸ ಬಾಗಿಲಿಗೇ ಬಂದು ಒಯ್ಯುತ್ತಾರೆ. ಅದು ಎಲ್ಲಿಗೆ ಹೋಗುತ್ತದೆಂದು ನಮಗ್ಯಾರಿಗೂ ಗೊತ್ತಿಲ್ಲ. ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಸುರಿಯುವಾಗ ಈಗಲೂ ನನ್ನ ಕೈ ಅರೆಗಳಿಗೆ ತಡೆಯುತ್ತದೆ. ಮೇಲಿಂದ ಯಾರಾದರೂ ಒಮ್ಮೆ ಬಯ್ಯಬಾರದೇ ಎನಿಸುತ್ತದೆ. ಬಾಲ್ಕನಿಯ ಕುಂಡದಲ್ಲಿ ಕರಿಬೇವು ಹಾಕಿದ್ದೇನೆ. ಸೊರಗಿಕೊಂಡೇ ಇದೆ, ಅವರಿದ್ದಿದ್ದರೆ ಯಾಕೆಂದು ಕೇಳಬಹುದಿತ್ತು.

ಆಂಟಿ ಹೋದ ಸುದ್ದಿಯನ್ನು ಅವರ ದೊಡ್ಡ ಮಗಳು ಫೋನಿನಲ್ಲಿ ಹೇಳಿದಳು. ಮಲಗಿದ್ದವರು ಏಳಲಿಲ್ಲವಂತೆ. ಹನ್ನೊಂದನೆಯ ದಿನದ ಕಾರ್ಯಕ್ಕೆ ನಾನು ಮೆಟ್ರೋದಲ್ಲಿ ನಾಗಸಂದ್ರಕ್ಕೆ ಹೋದೆ. ಊಟವಾಗಿ ನೆಂಟರೆಲ್ಲ ಕರಗಿದ ಮೇಲೆ ಅಂಕಲ್ ಮರದ ಕೆಳಗೆ ಕುರ್ಚಿ ಹಾಕಿ ನನ್ನನ್ನು ಕೂರಿಸಿದರು. ಮರದ ತುಂಬ ಹಣ್ಣು. ಬೇಡವೆಂದರೂ ಕೇಳದೆ ಒಂದನ್ನು ಹೆಚ್ಚಿ, ತೊಳೆ ಬಿಡಿಸಿ ನನ್ನ ಕೈಗಿಟ್ಟರು. ಅದೇ ಮಾಸಲು ಹಳದಿ, ಅದೇ ನಾರು.

"ಇದು ಅವಳ ಅಮ್ಮನ ಮರದ ರುಚಿ ಅಲ್ಲಮ್ಮ" ಎಂದರು ಅಂಕಲ್, ಚಾಕು ನೋಡುತ್ತಾ.

ನಾನು ಬೆಚ್ಚಿ ತಲೆ ಎತ್ತಿದೆ.

"ಆ ಮರದ ಹಣ್ಣು ನಾನೂ ತಿಂದಿದೀನಿ. ಮದುವೆಯಾದ ವರ್ಷ ನಮ್ಮತ್ತೆ ಮೊರದ ತುಂಬ ಬಿಡಿಸಿ ಮುಂದಿಟ್ಟಿದ್ರು. ಜೇನು ಅಂದ್ರೆ ಜೇನು. ಅದನ್ನ ಮರೆಯೋಕಾಗುತ್ತಾ? ಇದನ್ನ ಮೊದಲನೇ ಸಲ ಬಾಯಿಗಿಟ್ಟಾಗ್ಲೇ ಗೊತ್ತಾಯ್ತು, ಇದು ಬರೀ ನೀರು ಅಂತ." ಚಾಕುವಿಗೆ ಅಂಟಿದ ಮೇಣ ಒರೆಸಿದರು. "ಅವಳು ಮಾತ್ರ ಅದೇ ಅಂದ್ಬಿಟ್ಳು. ಪಾಪ, ಎಷ್ಟೋ ವರ್ಷ ಆಗಿತ್ತಲ್ಲ, ಮರ್ತಿದಾಳೆ ಅಂದ್ಕೊಂಡೆ. ಮರ್ತಿದ್ದೇ ಒಳ್ಳೇದಾಯ್ತು. ನಾನ್ಯಾಕೆ ಬಾಯಿಬಿಡ್ಲಿ ಅಂತ ಸುಮ್ನಾದೆ. ಅವಳು ಬಯಸಿದ್ದು ಅದೊಂದೇ. ಸಿಕ್ತು ಅಂದ್ಕೊಂಡೇ ಹೋದ್ಳಲ್ಲ, ನಂಗೆ ಅಷ್ಟು ಸಾಕು."

ಅಂಕಲ್ ಚಾಕು ಕೆಳಗಿಟ್ಟು ಮೊದಲ ಬಾರಿಗೆ ನನ್ನ ಮುಖವನ್ನೇ ನೋಡಿದರು.

"ಸಿಕ್ತು ತಾನೇಮ್ಮ? ನಿನ್ನ ಹತ್ರ ಎಲ್ಲಾ ಹೇಳ್ಕೋತಿದ್ಳು. ಏನಾದ್ರೂ ಅಂದಿದ್ಳಾ?"

ಬಾಯಲ್ಲಿದ್ದ ತೊಳೆಯನ್ನು ಕಷ್ಟಪಟ್ಟು ನುಂಗಿದೆ.

"ಸಿಕ್ತು ಅಂಕಲ್" ಎಂದೆ. "ಅವತ್ತು ಸಂಜೆ ನಲ್ಲಿ ಹತ್ರ ಕೈ ತೊಳೀತಾ ಬಾಯ್ತುಂಬ ಹೇಳಿದ್ರು. ನಮ್ಮವ್ವನ ಮರದ್ದೇ ಅಂತ."

ಅವರು ನಿಧಾನವಾಗಿ ತಲೆಯಾಡಿಸಿದರು. ಆಮೇಲೆ ಚಾಕುವಿಗೆ ಎಣ್ಣೆ ಸವರಿಕೊಂಡು, ನನ್ನ ಮಗಳಿಗೆಂದು ಇನ್ನೊಂದು ಹೋಳು ಬಿಡಿಸತೊಡಗಿದರು.